ಫ್ರಿಯೊ ನದಿ ದಂಡೆಯ ಗಾರ್ನರ್ ಸ್ಟೇಟ್ ಪಾರ್ಕ್: ಟೆಂಟು, ನೀರು, ಒಲೆ, ಮಳೆ – ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಾಸ್‌ಗೆ ಬಂದು ನೆಲೆಸಿದ ಕನ್ನಡದವರು ಮೊದಲ ಬೇಸಿಗೆ ಶುರುವಾಗುತ್ತಿದ್ದಂತೆ ಕೇಳುವುದು ಒಂದೇ: ನೀರಿರುವ ಜಾಗ ಎಲ್ಲಿದೆ? ಗಾರ್ನರ್ ಎಂದು ಹೇಳಿದ ಮೇಲೆ ಪ್ರಶ್ನೆಗಳ ಮಳೆ ಸುರಿಯುತ್ತದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ದರ, ವೇಳೆ ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಪ್ರಕಟಣೆ ಒಮ್ಮೆ ನೋಡಿಕೊಳ್ಳಿ.

ಪಾರ್ಕ್ ಎಲ್ಲಿದೆ? ಎಷ್ಟು ದೂರ?

ಸ್ಯಾನ್ ಆಂಟೋನಿಯೊದಿಂದ ಪಶ್ಚಿಮಕ್ಕೆ, ಹಿಲ್ ಕಂಟ್ರಿ ಎಂಬ ಗುಡ್ಡಗಾಡಿನ ತೆಂಕಣ ಅಂಚಿನಲ್ಲಿ, ಯುವಾಲ್ಡಿ ಕೌಂಟಿಯ ಕಾನ್‌ಕ್ಯಾನ್ ಎಂಬ ಪುಟ್ಟ ಊರಿನ ಹತ್ತಿರ. ಯುವಾಲ್ಡಿ ಪಟ್ಟಣದಿಂದ ಹೆದ್ದಾರಿ 83ರಲ್ಲಿ ಉತ್ತರಕ್ಕೆ ಸುಮಾರು 30 ಮೈಲಿ. ಸ್ಯಾನ್ ಆಂಟೋನಿಯೊದಿಂದ ಎರಡು ಗಂಟೆಯೊಳಗೆ ಮುಟ್ಟಬಹುದು, ಆಸ್ಟಿನ್‌ನಿಂದ ಮೂರು ಗಂಟೆ. ಹ್ಯೂಸ್ಟನ್, ಡಲ್ಲಾಸ್ ಕಡೆಯವರು ಒಂದೇ ರಾತ್ರಿಗಾಗಿ ಬರಬೇಡಿ. ಅರ್ಧ ದಿನ ಕಾರಿನಲ್ಲೇ ಕಳೆದುಹೋಗುತ್ತದೆ. ಎರಡು ರಾತ್ರಿಯಾದರೂ ಇರಲಿ.

ಅಷ್ಟು ದೂರ ಹೋಗಿ ನೋಡುವಂಥದ್ದು ಏನಿದೆ?

ನದಿ. ಮಿಕ್ಕಿದ್ದೆಲ್ಲ ಆಮೇಲಿನದು. ಪಾರ್ಕಿನೊಳಗೆ ಫ್ರಿಯೊ ಮೂರು ಮೈಲಿಯ ಹತ್ತಿರ ಹರಿಯುತ್ತದೆ. ಒರತೆಗಳಿಂದ ಹುಟ್ಟುವ ನೀರು, ಅಡಿಯಲ್ಲಿ ಸುಣ್ಣಕಲ್ಲು. ಹಾಗಾಗಿ ಎದೆಮಟ್ಟ ನಿಂತರೂ ಕಾಲಬೆರಳು ಕಾಣುವಷ್ಟು ತಿಳಿ. ಎರಡೂ ದಡದಲ್ಲಿ ಸೈಪ್ರೆಸ್ ಮರಗಳು ಬೇರು ಚಾಚಿ ನೀರಿನಲ್ಲೇ ನಿಂತಿವೆ. ಆ ನೆರಳಿನಲ್ಲಿ ಕುರ್ಚಿಯನ್ನು ನೀರಿಗೇ ಹಾಕಿಕೊಂಡು ಮಧ್ಯಾಹ್ನವಿಡೀ ಕೂರುವವರನ್ನು ಇಲ್ಲಿ ಬಿಟ್ಟರೆ ಬೇರೆಡೆ ನಾನು ಅಷ್ಟಾಗಿ ನೋಡಿಲ್ಲ.

ಪಾರ್ಕಿಗೆ ಹಳೆಯ ಕಥೆಯೂ ಇದೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ಯುವಕರಿಗೆಂದು ರೂಸ್‌ವೆಲ್ಟ್ ಸರ್ಕಾರ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಯೋಜನೆ ತಂದಿತ್ತು. ಆ ಹುಡುಗರು ಸ್ಥಳೀಯ ಕಲ್ಲು, ಸೈಪ್ರೆಸ್ ಮರ ಬಳಸಿ ಕಟ್ಟಿದ ಕ್ಯಾಬಿನ್‌ಗಳು, ಪೆವಿಲಿಯನ್ ಎಂಬ ದೊಡ್ಡ ಸಭಾಮಂಟಪ ಇವತ್ತಿಗೂ ಬಳಕೆಯಲ್ಲಿವೆ. ಪಾರ್ಕ್ ತೆರೆದದ್ದು 1941ರಲ್ಲಿ. ಹೆಸರು ಬಂದದ್ದು ಯುವಾಲ್ಡಿಯವರೇ ಆದ ಜಾನ್ ನ್ಯಾನ್ಸ್ ಗಾರ್ನರ್ ಅವರಿಂದ. ಅವರು 1933ರಿಂದ 1941ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದರು.

ಯಾವ ತಿಂಗಳು ಒಳ್ಳೆಯದು?

ನೀರಾಟವೇ ಮುಖ್ಯವಾದರೆ ಮೇ ತಿಂಗಳ ವಾರದ ದಿನಗಳು. ಜೂನ್, ಜುಲೈನ ವಾರಾಂತ್ಯಗಳಲ್ಲಿ ಜಾತ್ರೆ. ಅದನ್ನು ಇಷ್ಟಪಡುವವರೂ ಇದ್ದಾರೆ. ಟೆಕ್ಸಾಸ್‌ನ ಎಷ್ಟೋ ಕುಟುಂಬಗಳು ಮೂರು ನಾಲ್ಕು ತಲೆಮಾರಿನಿಂದ ಪ್ರತಿ ಬೇಸಿಗೆ ಅದೇ ವಾರ ಬಂದು ಇಳಿಯುತ್ತವೆ. ಗದ್ದಲ ಬೇಡ ಅನ್ನುವವರಿಗೆ ನನ್ನ ಓಟು ಅಕ್ಟೋಬರ್ ಕೊನೆ, ನವೆಂಬರ್ ಮೊದಲ ಎರಡು ವಾರಕ್ಕೆ. ಸೈಪ್ರೆಸ್ ಎಲೆ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ, ಸೊಳ್ಳೆ ಕಮ್ಮಿ, ಬೆಟ್ಟ ಹತ್ತಲು ಹಿತವಾದ ಚಳಿ. ನೀರಿಗಿಳಿಯಲು ಮಾತ್ರ ಗುಂಡಿಗೆ ಬೇಕು. ಜನವರಿ, ಫೆಬ್ರವರಿಯಲ್ಲಿ ರಾತ್ರಿ ನೀರು ಗಡ್ಡೆಕಟ್ಟುವಷ್ಟು ತಣ್ಣಗಾಗುವುದುಂಟು. ಆಗ ಹೋದರೆ ಕ್ಯಾಬಿನ್ ಹಿಡಿಯಿರಿ.

ಬುಕಿಂಗ್ ಎಷ್ಟು ಮುಂಚೆ ಮಾಡಬೇಕು? ಶುಕ್ರವಾರ ಸಂಜೆ ಹಾಗೇ ಹೋದರೆ ಜಾಗ ಸಿಗಲ್ಲವೇ?

ಬೇಸಿಗೆಯಲ್ಲಿ ಹಾಗೇ ಹೋದರೆ ಗೇಟಿನಿಂದಲೇ ವಾಪಸ್. ಉಳಿದುಕೊಳ್ಳುವ ಜಾಗವನ್ನು 5 ತಿಂಗಳು ಮುಂಚಿತವಾಗಿ ಕಾಯ್ದಿರಿಸಲು ಬಿಡುತ್ತಾರೆ, ಒಂದು ದಿನದ ಪಾಸನ್ನು ಒಂದು ತಿಂಗಳು ಮುಂಚೆ. ಜೂನ್ ಮಧ್ಯಕ್ಕೆ ಹೋಗಬೇಕೆಂದರೆ ಜನವರಿ ಮಧ್ಯದಲ್ಲೇ ಕೂತು ಬುಕ್ ಮಾಡಬೇಕು. ನಮ್ಮವರು ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವಾಗಲೇ ಬೇಸಿಗೆಯ ಗಾರ್ನರ್ ಮಾತು ಮುಗಿಸಿಬಿಟ್ಟರೆ ಕ್ಷೇಮ.

ಸಿಗಲಿಲ್ಲ ಅಂತ ಕೈಬಿಡಬೇಡಿ. ಹೊರಡುವ ದಿನ ಹತ್ತಿರವಾದಾಗ, ಅದರಲ್ಲೂ ಮಳೆಯ ಮುನ್ಸೂಚನೆ ಇದ್ದಾಗ, ರದ್ದು ಮಾಡುವವರು ತುಂಬಾ ಜನ. ದಿನಕ್ಕೆರಡು ಸಲ ವೆಬ್‌ಸೈಟ್ ನೋಡುತ್ತಿದ್ದರೆ ಜಾಗ ಬಿದ್ದೇ ಬೀಳುತ್ತದೆ. ಆದರೆ ಅವರು ಯಾಕೆ ರದ್ದು ಮಾಡಿದರು ಅನ್ನುವುದನ್ನೂ ಯೋಚಿಸಿ. ಪ್ರವಾಹದ ಪ್ರಶ್ನೆ ಕೆಳಗಿದೆ, ಅದನ್ನು ಓದದೆ ಬುಕ್ ಮಾಡಬೇಡಿ.

ಟೆಂಟೋ, ಶೆಲ್ಟರೋ, ಕ್ಯಾಬಿನ್ನೋ?

ಹಿಂದೆಂದೂ ಟೆಂಟಿನಲ್ಲಿ ಮಲಗದ ಕುಟುಂಬಕ್ಕೆ, ಮಕ್ಕಳು ಚಿಕ್ಕವರಿದ್ದರೆ, ಸ್ಕ್ರೀನ್ಡ್ ಶೆಲ್ಟರ್ ಅನ್ನೇ ಹೇಳುತ್ತೇನೆ. ಮೇಲೆ ಸೂರು, ಕೆಳಗೆ ಸಿಮೆಂಟ್ ನೆಲ, ಸುತ್ತ ಸೊಳ್ಳೆಪರದೆ, ಒಳಗೆ ಕರೆಂಟ್. ಮಂಚ, ಹಾಸಿಗೆ ಇರುವುದಿಲ್ಲ. ಚಾಪೆ, ಜಮಖಾನ, ಗಾಳಿ ತುಂಬುವ ಹಾಸಿಗೆ ನಿಮ್ಮದೇ. ಮಳೆ ಬಂದರೆ ಟೆಂಟಿನವರು ಗೂಟ ಹಿಡಿದು ಓಡಾಡುವಾಗ ನೀವು ಒಳಗೆ ಕೂತು ಚಹಾ ಕುಡಿಯಬಹುದು.

ಟೆಂಟ್ ಸೈಟುಗಳಲ್ಲಿ ಕರೆಂಟ್ ಇರುವವು, ಬರೀ ನಲ್ಲಿ ನೀರಿರುವವು ಎಂದು ಎರಡು ಬಗೆ. ಪ್ರತಿ ಸೈಟಿನಲ್ಲಿ ಮೇಜು, ಬೆಂಕಿಗೆ ಕಬ್ಬಿಣದ ಬಳೆ ಇರುತ್ತದೆ. ನೆಲ ಕಲ್ಲುಗಟ್ಟಿ, ಪ್ಲಾಸ್ಟಿಕ್ ಗೂಟ ಇಳಿಯುವುದಿಲ್ಲ. ಕಬ್ಬಿಣದ ಗೂಟ, ಸುತ್ತಿಗೆ ತನ್ನಿ. ನಕ್ಷೆಯಲ್ಲಿ ಹಳೆ ಗಾರ್ನರ್, ಹೊಸ ಗಾರ್ನರ್ ಎಂದು ಎರಡು ಭಾಗ ಕಾಣುತ್ತದೆ. ಪೆವಿಲಿಯನ್, ಅಂಗಡಿ, ಗಲಾಟೆ ಎಲ್ಲ ಹಳೆ ಗಾರ್ನರ್ ಕಡೆ. ಮಲಗುವ ಮಗು ಇದ್ದರೆ ಹೊಸ ಗಾರ್ನರ್ ಕಡೆ ನೋಡಿ.

ಕ್ಯಾಬಿನ್ ಬಗ್ಗೆ ಹೇಳುವುದೇನು, ಸಿಕ್ಕರೆ ಬಿಡಬೇಡಿ.

ಒಂದೇ ಸೈಟಿನಲ್ಲಿ ಮೂರು ಕುಟುಂಬ ಇರಬಹುದೇ? ಹೇಗಿದ್ದರೂ ಅಡ್ಜಸ್ಟ್ ಮಾಡ್ಕೋತೀವಿ.

ಇಲ್ಲ. ಒಂದು ಸೈಟಿಗೆ 8 ಜನ ಮಿತಿ, ಮಕ್ಕಳೂ ಲೆಕ್ಕಕ್ಕೆ ಸೇರುತ್ತಾರೆ. ಕಾರುಗಳಿಗೂ ಮಿತಿಯಿದೆ. ನಮ್ಮ ಅಡ್ಜಸ್ಟ್ ಇಲ್ಲಿ ನಡೆಯುವುದಿಲ್ಲ, ರೇಂಜರ್ ರಾತ್ರಿ ಸುತ್ತು ಬರುತ್ತಾರೆ. ಅಕ್ಕಪಕ್ಕದ ಸೈಟುಗಳನ್ನು ಒಟ್ಟಿಗೆ ಹಿಡಿದು ಅಡುಗೆ ಒಂದು ಕಡೆ, ನಿದ್ದೆ ಒಂದು ಕಡೆ ಅಂತ ಮಾಡಿಕೊಂಡರೆ ಎಲ್ಲರಿಗೂ ನೆಮ್ಮದಿ.

ವಾರ್ಷಿಕ ಪಾಸ್ ತಗೊಳ್ಳೋದು ಲಾಭವೇ? ಊರಿನಿಂದ ಬಂದ ಅಪ್ಪ ಅಮ್ಮನಿಗೆ ಹಿರಿಯರ ರಿಯಾಯಿತಿ ಸಿಗುತ್ತದೆಯೇ?

ಟೆಕ್ಸಾಸ್ ಸ್ಟೇಟ್ ಪಾರ್ಕ್ಸ್ ಪಾಸ್ ಇದ್ದರೆ ಪಾಸುದಾರರಿಗೂ ಅದೇ ಕಾರಿನಲ್ಲಿ ಬಂದವರಿಗೂ ಪ್ರವೇಶ ಶುಲ್ಕವಿಲ್ಲ. ಕ್ಯಾಂಪಿಂಗ್ ಬಾಡಿಗೆ ಬೇರೆ ಕೊಡಲೇಬೇಕು, ಅದರಲ್ಲಿ ಕೊಂಚ ರಿಯಾಯಿತಿಯ ಕೂಪನ್ ಸಿಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಪಾರ್ಕ್ ಸುತ್ತುವ ಮನೆಗೆ ಪಾಸ್ ದುಡ್ಡು ವಸೂಲಾಗುತ್ತದೆ. ಪಾಸ್ ಇದ್ದ ಮಾತ್ರಕ್ಕೆ ಜಾಗ ಖಾತ್ರಿಯಲ್ಲ, ದಿನದ ಪಾಸನ್ನು ಆಗಲೂ ಕಾಯ್ದಿರಿಸಬೇಕು.

12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರವೇಶ ಉಚಿತ. 65 ದಾಟಿದವರ ಅರ್ಧ ಶುಲ್ಕದ ಸವಲತ್ತು ಟೆಕ್ಸಾಸ್ ನಿವಾಸಿಗಳಿಗೆ ಮಾತ್ರ. ಮೈಸೂರಿನಿಂದ ಆರು ತಿಂಗಳಿಗೆ ಬಂದ ಅತ್ತೆ ಮಾವನವರಿಗೆ ಅನ್ವಯಿಸದು. ಅವರನ್ನು ನಿಮ್ಮ ಪಾಸಿನ ಕಾರಿನಲ್ಲಿ ಕೂರಿಸಿಕೊಳ್ಳಿ, ಲೆಕ್ಕ ಸರಿಹೋಗುತ್ತದೆ.

ನದಿ ಎಷ್ಟು ಆಳ? ಈಜು ಬಾರದವರು ಇಳಿಯಬಹುದೇ?

ಬಹುಪಾಲು ಕಡೆ ಮೊಣಕಾಲಿನಿಂದ ಸೊಂಟದವರೆಗೆ. ಆದರೆ ನಡುನಡುವೆ ತಲೆ ಮುಳುಗುವ ಮಡುಗಳಿವೆ. ನೀರು ಇಷ್ಟು ತಿಳಿಯಾಗಿದ್ದಾಗ ಆಳ ಕಮ್ಮಿ ಇದ್ದಂತೆ ಕಾಣುವುದೇ ಅಪಾಯ. ಮೂರಡಿ ಅಂದುಕೊಂಡು ಕಾಲಿಟ್ಟರೆ ಆರಡಿ ಇರುತ್ತದೆ. ಪೆವಿಲಿಯನ್ ಹತ್ತಿರ ಸಣ್ಣ ಕಟ್ಟೆಯೊಂದಿದೆ, ಅದರ ಮೇಲುಗಡೆ ನೀರು ನಿಂತು ಆಳವಾಗಿದೆ. ಚಿಕ್ಕಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಬದಲು ಬೆಣಚು ಹಾಸಿರುವ ತೆಳುನೀರಿನ ಕಡೆ ಆಡಿಸಿ.

ಟೆಕ್ಸಾಸ್ ಸ್ಟೇಟ್ ಪಾರ್ಕುಗಳಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ನಿಮ್ಮ ಮಗುವನ್ನು ನೋಡುವವರು ನೀವೇ. ಎಂಟು ದೊಡ್ಡವರು ದಡದಲ್ಲಿ ಹರಟೆ ಹೊಡೆಯುತ್ತಾ ಕೂತಾಗ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಸರದಿ ಹಾಕಿಕೊಳ್ಳಿ: ಅರ್ಧ ಗಂಟೆ ಒಬ್ಬರು, ಕೈಯಲ್ಲಿ ಫೋನಿಲ್ಲದೆ. ಈಜು ಬಾರದವರಿಗೆ, ವಯಸ್ಸು ಎಷ್ಟೇ ಇರಲಿ, ಸರಿಯಾದ ಅಳತೆಯ ಲೈಫ್ ಜಾಕೆಟ್. ತೋಳಿಗೆ ಸಿಕ್ಕಿಸುವ ಗಾಳಿ ಬಲೂನುಗಳು ಆಟದ ಸಾಮಾನು, ರಕ್ಷಣೆಯಲ್ಲ. ಕಯಾಕ್‌ನಲ್ಲಿ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕೆಂದು ಟೆಕ್ಸಾಸ್ ಕಾನೂನೇ ಹೇಳುತ್ತದೆ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಮೊದಲ ಐದು ನಿಮಿಷದಲ್ಲೇ ಕಾನ್‌ಕ್ಯಾನ್ ಕಡೆ ತೇಲಿಹೋಗುತ್ತದೆ. ಕಲ್ಲಿನ ಮೇಲೆ ಪಾಚಿ ಇರುವುದರಿಂದ ಬರಿಗಾಲಿನವರು ಜಾರಿ ಬೀಳುವುದಂತೂ ದಿನಾ ನೋಡುವ ದೃಶ್ಯ. ಸೀರೆ, ದುಪಟ್ಟಾ ನೀರಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಉಡುಪಿನ ಬಗ್ಗೆ ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮೈಗಂಟುವ ಟೀ ಶರ್ಟ್, ಲೆಗ್ಗಿಂಗ್ಸ್ ಸಾಕು.

ಟ್ಯೂಬಿಂಗ್ ಅಂದರೇನು?

ದೊಡ್ಡ ರಬ್ಬರ್ ಟ್ಯೂಬಿನ ಮೇಲೆ ಒರಗಿ ಕೂತು ನದಿ ಕರೆದುಕೊಂಡು ಹೋದತ್ತ ಹೋಗುವುದು. ಮೇಲ್ಗಡೆ ಇಳಿದು, ಕೆಳಗಡೆ ಎದ್ದು ಬರುತ್ತಾರೆ. ಬೇಸಿಗೆಯಲ್ಲಿ ಪಾರ್ಕಿನೊಳಗೇ ಟ್ಯೂಬ್ ಬಾಡಿಗೆಗೆ ಸಿಗುತ್ತದೆ. ಸ್ವಂತದ್ದು ತರುವುದಾದರೆ ಕೆಳಗೆ ತಳ ಇರುವಂಥದ್ದನ್ನೇ ಕೊಳ್ಳಿ. ನೀರು ಕಮ್ಮಿ ಇರುವ ಕಡೆ ಕೂತ ಜಾಗ ಕಲ್ಲಿಗೆ ಉಜ್ಜುತ್ತದೆ, ಆಗ ಎದ್ದು ಟ್ಯೂಬನ್ನು ತಲೆ ಮೇಲೆ ಹೊತ್ತು ನಡೆಯಬೇಕು. ಕಾರಿನ ಕೀಲಿ, ಮಾಂಗಲ್ಯ ಸರ, ಕನ್ನಡಕ ಈ ಮೂರನ್ನು ನದಿ ತುಂಬಾ ಇಷ್ಟಪಡುತ್ತದೆ. ಕನ್ನಡಕಕ್ಕೆ ದಾರ ಕಟ್ಟಿ, ಮಿಕ್ಕೆರಡನ್ನು ದಡದಲ್ಲಿ ಉಳಿಯುವವರ ಕೈಗೆ ಕೊಡಿ.

ನದಿಯಲ್ಲಿ ನೀರೇ ಇರುವುದಿಲ್ಲ ಅಂತಾರಲ್ಲ?

ಕೆಲವು ವರ್ಷ ನಿಜ. 2022 ಮತ್ತು 2023ರ ಬರಗಾಲದ ಬೇಸಿಗೆಗಳಲ್ಲಿ ಫ್ರಿಯೊದ ಹರಿವು ಬಹುಮಟ್ಟಿಗೆ ನಿಂತು, ಅಲ್ಲಲ್ಲಿ ಮಡುಗಳು ಮಾತ್ರ ಉಳಿದಿದ್ದವು. ಒರತೆಯ ನದಿ ಅಂದ ಮೇಲೆ ಹಿಂದಿನ ಚಳಿಗಾಲ, ವಸಂತದ ಮಳೆಯ ಮೇಲೆ ಎಲ್ಲ ನಿಂತಿದೆ. ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆ ಕಾನ್‌ಕ್ಯಾನ್‌ನಲ್ಲಿ ನೀರಿನ ಮಾಪಕ ಇಟ್ಟಿದೆ, ಅದರ ಅಂಕಿ ಇಂಟರ್‌ನೆಟ್‌ನಲ್ಲಿ ಯಾರಾದರೂ ನೋಡಬಹುದು. ಸೆಕೆಂಡಿಗೆ ಎಷ್ಟು ಘನ ಅಡಿ ಎಂದು ಬರುತ್ತದೆ. ಅದು ಒಂದಂಕಿಗೆ ಇಳಿದಿದ್ದರೆ ಟ್ಯೂಬ್ ಮರೆತುಬಿಡಿ. ಎರಡು ವಾರ ಮುಂಚೆಯೇ ನೋಡಿಕೊಂಡರೆ ಮಕ್ಕಳಿಗೆ ಮಾತು ಕೊಟ್ಟು ತಪ್ಪುವ ಗೋಜಿಲ್ಲ.

ಪ್ರವಾಹದ ಭಯ ಎಷ್ಟು ನಿಜ?

ಇಡೀ ಬರಹದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಹಿಲ್ ಕಂಟ್ರಿಯನ್ನು ಹವಾಮಾನದವರು 'ಫ್ಲ್ಯಾಶ್ ಫ್ಲಡ್ ಆ್ಯಲಿ' ಎಂದು ಕರೆಯುತ್ತಾರೆ. ಮೆಕ್ಸಿಕೊ ಕೊಲ್ಲಿಯ ತೇವದ ಗಾಳಿ ಬಂದು ಬಾಲ್ಕೋನಿಸ್ ದಿಣ್ಣೆಗೆ ತಾಗಿ ಮೇಲೇರುತ್ತದೆ, ಒಂದೇ ಕಡೆ ನಿಂತು ಸುರಿಯುತ್ತದೆ. ಕೆಳಗೆ ಸುಣ್ಣಕಲ್ಲು, ಅದರ ಮೇಲೆ ಬೊಗಸೆಯಷ್ಟು ಮಣ್ಣು. ಹೀರಿಕೊಳ್ಳಲು ಜಾಗವೇ ಇಲ್ಲದ ನೀರು ಸೀದಾ ಕಣಿವೆಗೆ ನುಗ್ಗುತ್ತದೆ. 1935ರ ಮೇ 31ರಂದು ಪಕ್ಕದ ಮೆಡಿನಾ ಕೌಂಟಿಯ ಡಿಹಾನಿಸ್ ಬಳಿ ಎರಡು ಮುಕ್ಕಾಲು ಗಂಟೆಯಲ್ಲಿ 22 ಇಂಚು ಮಳೆ ಬಿದ್ದದ್ದು ಜಗತ್ತಿನ ಮಳೆ ದಾಖಲೆಗಳಲ್ಲೇ ಸೇರಿದೆ. 2025ರ ಜುಲೈ 4ರ ಬೆಳಗಿನ ಜಾವ ಕೆರ್ ಕೌಂಟಿಯಲ್ಲಿ ಗ್ವಾಡಲೂಪೆ ನದಿ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತು. ಆ ಪ್ರವಾಹದಲ್ಲಿ 130ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬೇಸಿಗೆ ಶಿಬಿರಕ್ಕೆ ಬಂದಿದ್ದ ಹೆಣ್ಣುಮಕ್ಕಳಿದ್ದರು. ಆ ಕೆರ್ ಕೌಂಟಿ, ಫ್ರಿಯೊ ಹುಟ್ಟುವ ರಿಯಲ್ ಕೌಂಟಿಗೆ ಅಂಟಿಕೊಂಡೇ ಇದೆ. ಕಲ್ಲು ಅದೇ, ಮೋಡವೂ ಅದೇ.

ನಮ್ಮೂರ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕಾವೇರಿ ದಡದವರಿಗೆ ಕೆಆರ್‌ಎಸ್‌ನಿಂದ ನೀರು ಬಿಡುವ ಮುಂಚೆ ಎಚ್ಚರಿಕೆ ಬರುತ್ತದೆ, ನದಿ ತುಂಬುವುದು ಕಣ್ಣಿಗೆ ಕಾಣುತ್ತದೆ. ಗಾರ್ನರ್‌ನ ಮೇಲ್ಗಡೆ ದೊಡ್ಡ ಅಣೆಕಟ್ಟಿಲ್ಲ, ತಡೆದು ಬಿಡುವವರಿಲ್ಲ. ನಿಮ್ಮ ತಲೆ ಮೇಲೆ ನಕ್ಷತ್ರ ಹೊಳೆಯುತ್ತಿರುವಾಗ ಇಪ್ಪತ್ತು ಮೈಲಿ ಮೇಲೆ ಸುರಿದ ಮಳೆ ಬಂದು ತಲುಪಬಹುದು.

ಹಾಗಾಗಿ: ಟೆಂಟ್ ಹಾಕುವ ಮುಂಚೆಯೇ ಎತ್ತರದ ಜಾಗಕ್ಕೆ ದಾರಿ ಯಾವುದೆಂದು ನಡೆದು ನೋಡಿ, ಮಕ್ಕಳಿಗೂ ತೋರಿಸಿ. ಕಾರನ್ನು ಹೊರಮುಖ ಮಾಡಿ ನಿಲ್ಲಿಸಿ, ಕೀಲಿ ದಿಂಬಿನ ಕೆಳಗೆ. ಬ್ಯಾಟರಿಯಲ್ಲಿ ನಡೆಯುವ ವೆದರ್ ರೇಡಿಯೊ ಒಂದು ಕೊಳ್ಳಿ. ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಅದು ರಾತ್ರಿಯೂ ಕೂಗಿ ಹೇಳುತ್ತದೆ, ಮೊಬೈಲ್ ಸಿಗ್ನಲ್ ಬೇಕಿಲ್ಲ. 'ಫ್ಲಡ್ ವಾಚ್' ಅಂದರೆ ಆಗಬಹುದು, 'ವಾರ್ನಿಂಗ್' ಅಂದರೆ ಆಗುತ್ತಿದೆ ಅಥವಾ ಇನ್ನೇನು ಆಗಲಿದೆ. ವಾರ್ನಿಂಗ್ ಬಂದಾಗ ಟೆಂಟ್, ಕುಕ್ಕರ್, ಕೂಲರ್ ಎಲ್ಲ ಅಲ್ಲೇ ಬಿಟ್ಟು ಎತ್ತರಕ್ಕೆ ನಡೆಯಿರಿ. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಎಲೆ ಕಡ್ಡಿ ತೇಲಿಬರತೊಡಗಿದರೆ ಯಾರ ಅಪ್ಪಣೆಗೂ ಕಾಯಬೇಡಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಕಾರು ಇಳಿಸಲೇಬೇಡಿ, ಒಂದಡಿ ನೀರು ಸಣ್ಣ ಕಾರನ್ನು ತೇಲಿಸಿಕೊಂಡು ಹೋಗುತ್ತದೆ. ಮುನ್ಸೂಚನೆ ಕೆಟ್ಟದಾಗಿದ್ದರೆ ಪ್ರವಾಸ ರದ್ದು ಮಾಡಿ. ಹೋಗುವುದು ಕೆಲವು ಡಾಲರ್ ಅಷ್ಟೆ.

ಬೆಂಕಿ ಹಾಕಬಹುದೇ? ಅಡುಗೆಗೆ ಏನು ತರಬೇಕು?

ಸೈಟಿನ ಕಬ್ಬಿಣದ ಬಳೆಯೊಳಗೆ ಹಾಕಬಹುದು, ಬರ್ನ್ ಬ್ಯಾನ್ ಇಲ್ಲದಿದ್ದರೆ. ಒಣ ಬೇಸಿಗೆಯಲ್ಲಿ ಕೌಂಟಿಯವರು ಬಯಲಿನ ಬೆಂಕಿಯನ್ನು ನಿಷೇಧಿಸುವುದು ಮಾಮೂಲು. ಆಗ ಸೌದೆ, ಇದ್ದಿಲು ಎರಡೂ ಇಲ್ಲ, ಗ್ಯಾಸ್ ಸ್ಟವ್‌ಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಆದ್ದರಿಂದ ಬ್ಯೂಟೇನ್ ಡಬ್ಬಿಯ ಒಂಟಿ ಒಲೆ ಯಾವಾಗಲೂ ಜೊತೆಗಿರಲಿ. ಬಿದ್ದ ಕಡ್ಡಿ, ಕೊಂಬೆ ಆರಿಸಿ ಉರಿಸುವುದು ಪಾರ್ಕಿನಲ್ಲಿ ನಿಷಿದ್ಧ, ಸೌದೆ ಕೊಂಡೇ ತರಬೇಕು.

ಊಟದ ವಿಷಯದಲ್ಲಿ ನಮ್ಮವರಿಗೆ ಹೇಳಿಕೊಡಬೇಕಾದ್ದಿಲ್ಲ, ಆದರೂ. ಹೋದ ದಿನಕ್ಕೆ ಪುಳಿಯೋಗರೆ, ಚಪಾತಿ, ಶೇಂಗಾ ಚಟ್ನಿಪುಡಿ. ಮರುದಿನ ಬೆಳಿಗ್ಗೆಗೆ ಉಪ್ಪಿಟ್ಟಿನ ರವೆಯನ್ನು ಮನೆಯಲ್ಲೇ ಒಗ್ಗರಣೆ ಸಮೇತ ಹುರಿದು ಡಬ್ಬಿಗೆ ಹಾಕಿಕೊಂಡರೆ ಅಲ್ಲಿ ಬಿಸಿನೀರು ಹಾಕುವುದಷ್ಟೇ. ಬೆಂಕಿ ಹಾಕಲು ಬಿಟ್ಟಿದ್ದರೆ ದಪ್ಪ ಬದನೆಕಾಯಿ ಎರಡನ್ನು ಕೆಂಡದ ಪಕ್ಕ ತಿರುವುತ್ತಾ ಸುಡಿ. ಸಿಪ್ಪೆ ಕರಿಕಾಗಿ ಬಿರಿದು ಒಳಗಿನ ನೀರು ಸುಂಯ್ ಅಂದಾಗ ತೆಗೆದು, ಹಸಿಮೆಣಸು, ಈರುಳ್ಳಿ, ಹುಣಸೆರಸ ಕಿವುಚಿದ ಗೊಜ್ಜು ಮಾಡಿ. ಮನೆಯ ಗ್ಯಾಸಿನ ಮೇಲೆ ಈ ರುಚಿ ಬಾರದು. ಮೊಸರನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಕೂಲರಿನ ಐಸ್ ಕರಗಿ ನೀರು ನುಗ್ಗಿದ ಮೊಸರನ್ನು ಯಾರೂ ಮುಟ್ಟುವುದಿಲ್ಲ. ಭಾರತೀಯ ದಿನಸಿಗೆ ಸ್ಯಾನ್ ಆಂಟೋನಿಯೊ ಕೊನೆಯ ಊರು ಎಂದುಕೊಳ್ಳಿ, ಹಾಲು, ತರಕಾರಿ, ಐಸ್ ಯುವಾಲ್ಡಿಯಲ್ಲೂ ಸಿಗುತ್ತದೆ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದ ಹೊತ್ತು. ಕುಕ್ಕರ್ ಸೀಟಿಗೂ ಈ ನಿಯಮ ಅನ್ವಯಿಸುತ್ತದೆ. ಪಕ್ಕದ ಸೈಟಿನವರು ಮೂರನೇ ಸೀಟಿಗೆ ಎದ್ದು ಬಂದದ್ದನ್ನು ನೋಡಿದ್ದೇನೆ.

ಪಾತ್ರೆ ನದಿಯಲ್ಲಿ ತೊಳೆಯಬಹುದೇ?

ಬೇಡ. ಸೋಪೂ ಬೇಡ, ಅನ್ನದ ಅಗುಳೂ ಬೇಡ. ಬಕೆಟ್‌ನಲ್ಲಿ ತೊಳೆದು, ಆ ನೀರನ್ನು ಪಾರ್ಕಿನವರು ತೋರಿಸಿದ ಕಡೆಯೇ ಚೆಲ್ಲಿ. ಎಂಜಲು ಕಸದ ಡಬ್ಬಿಗೆ. ರಾತ್ರಿ ತಿನ್ನುವ ಪದಾರ್ಥ ಏನಿದ್ದರೂ ಕಾರಿನೊಳಗಿರಬೇಕು. ರಕೂನ್ ಎಂಬ ಪ್ರಾಣಿಯ ಮುಂಗಾಲು ಕೈಯ ಹಾಗೇ ಕೆಲಸ ಮಾಡುತ್ತದೆ, ಕೂಲರಿನ ಚಿಲಕ ಅದಕ್ಕೆ ಲೆಕ್ಕಕ್ಕಿಲ್ಲ.

ಶೌಚಾಲಯ, ಸ್ನಾನ?

ಬಿಸಿನೀರಿನ ಶವರ್ ಇರುವ ಸ್ನಾನದ ಮನೆಗಳಿವೆ. ಚೊಂಬು ನಿಮ್ಮದೇ ತನ್ನಿ.

ಹಾವು, ಚೇಳು?

ಎರಡೂ ಇವೆ. ಗಿಲಕಿ ಬಾಲದ ರ್ಯಾಟಲ್ ಸ್ನೇಕ್ ಕಲ್ಲುಬಂಡೆಗಳ ಸಂದಿಯಲ್ಲಿರುತ್ತದೆ, ಕೆಣಕದಿದ್ದರೆ ತನ್ನ ಪಾಡಿಗೆ ಹೋಗುತ್ತದೆ. ಕೈ ಕಾಣದ ಕಡೆ ಕೈ, ಕಾಲು ಕಾಣದ ಕಡೆ ಕಾಲು ಇಡಬೇಡಿ. ಕತ್ತಲಾದ ಮೇಲೆ ಟಾರ್ಚಿಲ್ಲದೆ ನಡೆಯಬೇಡಿ. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ, ಚೇಳಿಗೆ ಬೆಚ್ಚನೆ ಜಾಗ ಅದೇ. ನಿಜವಾಗಿ ಕಾಟ ಕೊಡುವವು ಫೈರ್ ಆ್ಯಂಟ್ ಎಂಬ ಕೆಂಪಿರುವೆಗಳು. ಟೆಂಟ್ ಹಾಸುವ ಮುಂಚೆ ನೆಲದಲ್ಲಿ ಸಡಿಲ ಮಣ್ಣಿನ ಗುಪ್ಪೆ ಇದೆಯೇ ನೋಡಿ. ಪಾಯ್ಸನ್ ಐವಿ ಎಂಬ ಮೂರೆಲೆಯ ಬಳ್ಳಿ ಮೈಗೆ ತಾಗಿದರೆ ದಿನಗಟ್ಟಲೆ ತುರಿಕೆ. ಮೂರೆಲೆ ಕಂಡರೆ ಬಿಲ್ವಪತ್ರೆ ಎಂದು ಕೀಳಲು ಹೋಗಬೇಡಿ.

ಅಲ್ಲಿ ಚುಕ್ಕೆ ಜಿಂಕೆ ಕಂಡೆವು, ಬಂಡೀಪುರದ್ದರ ಹಾಗೇ ಇತ್ತು. ಸಾಧ್ಯವೇ?

ಅದೇ ಜಿಂಕೆ. ಇಲ್ಲಿಯವರು 'ಆ್ಯಕ್ಸಿಸ್' ಅನ್ನುತ್ತಾರೆ. 1930ರ ದಶಕದಲ್ಲಿ ಬೇಟೆಯ ರ‍್ಯಾಂಚುಗಳಿಗೆಂದು ತಂದು ಬಿಟ್ಟ ಭಾರತದ ಮೂಲದ ಪ್ರಾಣಿ, ಬೇಲಿ ಹಾರಿ ಹಿಲ್ ಕಂಟ್ರಿ ತುಂಬಾ ಹರಡಿಕೊಂಡಿದೆ. ಪಾರ್ಕಿನಲ್ಲಿ ಸ್ಥಳೀಯ ಬಿಳಿಬಾಲದ ಜಿಂಕೆಯೂ ಇದೆ. ಅದರ ಮರಿಗೆ ಮಾತ್ರ ಚುಕ್ಕೆ, ದೊಡ್ಡದಾದ ಮೇಲೆ ಮಾಸಿಹೋಗುತ್ತದೆ. ಬೆಳೆದ ಜಿಂಕೆಯ ಮೈಮೇಲೂ ಬಿಳಿ ಚುಕ್ಕೆ ಇದ್ದು, ಗಂಡಿನ ಕೊಂಬು ಉದ್ದಕ್ಕೆ ಬಾಗಿ ಮೂರು ಕವಲಾಗಿದ್ದರೆ ಅದು ನಮ್ಮ ಕಡೆಯದು. ಇಲ್ಲಿ ಅದಕ್ಕೆ ಹುಲಿಯಿಲ್ಲ, ಸೀಳುನಾಯಿಯಿಲ್ಲ, ಸಂಖ್ಯೆ ಹೆಚ್ಚುತ್ತಲೇ ಇದೆ. ಸ್ಥಳೀಯ ಜಿಂಕೆಯ ಮೇವಿಗೆ ಕುತ್ತು ಎಂಬ ದೂರೂ ಇದೆ. ಊರಿನದೆಂದು ಪ್ರೀತಿ ಉಕ್ಕಿ ಚಪಾತಿ ತಿನ್ನಿಸಬೇಡಿ, ಕಾಡುಪ್ರಾಣಿಗೆ ಉಣಿಸುವುದು ಪಾರ್ಕಿನ ನಿಯಮಕ್ಕೆ ವಿರುದ್ಧ.

ಪಾರ್ಕಿನೊಳಗಿನ ಓಲ್ಡ್ ಬಾಲ್ಡಿ ಬೆಟ್ಟ ಮಕ್ಕಳು ಹತ್ತಬಹುದೇ?

ದೂರ ಅರ್ಧ ಮೈಲಿಯಷ್ಟೇ, ಆದರೆ ಕೆಲವು ಕಡೆ ಕೈಯೂರಿ ಹತ್ತುವಷ್ಟು ಕಡಿದು. ಸಾವನದುರ್ಗ ಹತ್ತಿದವರಿಗೆ ಇದು ಆಟ. ಎಂಟು ಹತ್ತು ವರ್ಷದ ಚುರುಕು ಮಕ್ಕಳು ಹತ್ತುತ್ತಾರೆ, ಮಂಡಿ ನೋವಿನವರು ಬೇಡ. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಒಂಬತ್ತಕ್ಕೆ ಕೆಳಗಿರಬೇಕು. ಆಮೇಲೆ ಸುಣ್ಣಕಲ್ಲಿನ ಕಾವು ಕೆಳಗಿನಿಂದಲೂ ಹೊಡೆಯುತ್ತದೆ. ತಲೆಗೊಂದು ಲೀಟರ್ ನೀರು. ತುದಿಯಿಂದ ಕಣಿವೆಯಲ್ಲಿ ಸೈಪ್ರೆಸ್ ಸಾಲು ನದಿಯ ತಿರುವನ್ನು ಗೆರೆ ಎಳೆದಂತೆ ತೋರಿಸುತ್ತದೆ.

ರಾತ್ರಿ ಡ್ಯಾನ್ಸ್ ಇರುತ್ತದಂತೆ?

ಹೌದು, 1940ರ ದಶಕದಿಂದ ನಡೆದುಬಂದ ಪದ್ಧತಿ. ಬೇಸಿಗೆಯ ರಾತ್ರಿಗಳಲ್ಲಿ ಪೆವಿಲಿಯನ್ ಅಂಗಳದಲ್ಲಿ ಹಾಡಿನ ಯಂತ್ರ, ಅಂದರೆ ಜ್ಯೂಕ್‌ಬಾಕ್ಸ್ ಹಾಕುತ್ತಾರೆ, ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಕುಣಿಯುತ್ತಾರೆ. ಪ್ರವೇಶಕ್ಕೆ ಬೇರೆ ಹಣವಿಲ್ಲ. ವಾಹನ ನಿಲ್ದಾಣ ತುಂಬಿದೊಡನೆ ಪಾರ್ಕಿನ ಗೇಟ್ ಮುಚ್ಚುತ್ತಾರೆ, ಹೊರಗಿನಿಂದ ಬರುವವರು ಸಂಜೆಗೇ ಒಳಗಿರಬೇಕು. ಹೆಜ್ಜೆ ಬಾರದು ಎಂಬ ಸಂಕೋಚ ಬೇಡ, ಸಾಲಾಗಿ ನಿಂತು ಕುಣಿಯುವ ಹಾಡು ಬಂದಾಗ ಪಕ್ಕದವರನ್ನು ನೋಡಿಕೊಂಡೇ ಕಲಿಯಬಹುದು. ಕೋಲಾಟ ಆಡಿದವರಿಗೆ ತಾಳ ಬೇಗ ಸಿಗುತ್ತದೆ.

ನದಿಗೆ ಬಾಗಿನ ಬಿಡಬಹುದೇ? ದೀಪ ತೇಲಿಬಿಡಬಹುದೇ?

ಅಮ್ಮಂದಿರು ಬಂದಾಗ ಈ ಪ್ರಶ್ನೆ ಬಂದೇ ಬರುತ್ತದೆ. ನೀರಿಗೆ ಏನು ಬಿಟ್ಟರೂ ಇಲ್ಲಿ ಅದು ಕಸ: ಮೊರ, ಬಳೆ, ಅರಿಶಿನ ಕುಂಕುಮದ ಪೊಟ್ಟಣ, ಕಾಸು, ಎಲೆದೀಪ ಎಲ್ಲವೂ. ದಂಡವೂ ಬೀಳಬಹುದು. ದಡದಲ್ಲಿ ನಿಂತು ಕೈಮುಗಿದು, ಬೊಗಸೆ ನೀರೆತ್ತಿ ಅರ್ಘ್ಯ ಬಿಟ್ಟು ಬರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬಾಗಿನದ ಮೊರವನ್ನು ಜೊತೆಗೆ ಬಂದ ಮುತ್ತೈದೆಗೇ ಕೊಟ್ಟರಾಯಿತು.

ಬಿಯರ್?

ಟೆಕ್ಸಾಸ್ ಸ್ಟೇಟ್ ಪಾರ್ಕುಗಳಲ್ಲಿ ಸಾರ್ವಜನಿಕವಾಗಿ ಮದ್ಯ ಕುಡಿಯುವುದು, ತೋರಿಸುವುದು ನಿಷಿದ್ಧ. ಬೇರೆಯವರು ಕಪ್ಪಿನಲ್ಲಿ ಕುಡಿಯುತ್ತಿದ್ದಾರೆ ಅನ್ನುವುದು ರೇಂಜರ್ ಮುಂದೆ ನಡೆಯುವ ವಾದವಲ್ಲ. ವೀಸಾ ಮೇಲಿರುವವರಿಗೆ ಇನ್ನೂ ಒಂದು ಮಾತು: ಸಣ್ಣ ಕೇಸೂ ಮುಂದೆ ಅರ್ಜಿ ತುಂಬುವಾಗ ತಲೆನೋವು.

ಮೀನು ಹಿಡಿಯಲು ಲೈಸೆನ್ಸ್ ಬೇಕೇ?

ಸ್ಟೇಟ್ ಪಾರ್ಕಿನೊಳಗೆ ದಡದಿಂದ ಗಾಳ ಹಾಕಲು ಬೇಡ. ಎಷ್ಟು ಹಿಡಿಯಬಹುದು, ಎಷ್ಟು ಉದ್ದದ್ದು ಎಂಬ ಮಿತಿ ಮಾತ್ರ ಅನ್ವಯಿಸುತ್ತದೆ.

ನಾಯಿ, ಡ್ರೋನ್, ಸ್ಪೀಕರ್?

ನಾಯಿ ಬರಬಹುದು, 6 ಅಡಿಗಿಂತ ಉದ್ದವಲ್ಲದ ಹಗ್ಗದಲ್ಲಿ, ಕ್ಯಾಬಿನ್ ಶೆಲ್ಟರ್‌ಗಳೊಳಗೆ ಬೇಡ. ಡ್ರೋನ್ ಹಾರಿಸುವಂತಿಲ್ಲ. ಸ್ಪೀಕರನ್ನು ಮನೆಯಲ್ಲೇ ಬಿಟ್ಟು ಬಂದರೆ ಪಕ್ಕದವರು ಹರಸುತ್ತಾರೆ.

ಮೊಬೈಲ್ ಸಿಗುತ್ತದೆಯೇ?

ಕಣಿವೆಯಲ್ಲಿ ಬಂದರೂ ಬಂತು, ಹೋದರೂ ಹೋಯಿತು. ನಕ್ಷೆ, ಬುಕಿಂಗ್ ಕಾಗದ ಮುಂಚೆಯೇ ಫೋನಿಗೆ ಇಳಿಸಿಕೊಳ್ಳಿ. ಭಾನುವಾರ ರಾತ್ರಿ ಊರಿಗೆ ವಿಡಿಯೊ ಕಾಲ್ ಮಾಡುವ ವಾಡಿಕೆ ಇದ್ದರೆ, ಈ ವಾರ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ, ಅಲ್ಲಿ ಗಾಬರಿಯಾಗುತ್ತಾರೆ.

ಹತ್ತಿರದಲ್ಲಿ ಇನ್ನೇನು ನೋಡಬಹುದು?

ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಕಾನ್‌ಕ್ಯಾನ್ ಬಳಿಯ ಫ್ರಿಯೊ ಬಾವಲಿ ಗುಹೆ. ಒಂದು ಕೋಟಿ ಬಾವಲಿಗಳೆಂದು ಅಂದಾಜು. ಸಂಜೆ ಹೊಗೆಯ ಹಾಗೆ ಸುತ್ತಿ ಸುತ್ತಿ ಹೊರಬರುತ್ತವೆ, ಗಿಡುಗಗಳು ಕಾದುಕೊಂಡಿರುತ್ತವೆ. ಖಾಸಗಿ ಜಮೀನು, ಟಿಕೆಟ್ ತಗೊಂಡು ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಮೂಗಿಗೆ ಕರ್ಚೀಫು ಇರಲಿ.

ನವೆಂಬರ್‌ನಲ್ಲಿ ಬಂದರೆ ಲೇಕಿ ಊರಿನ ಮೇಲೆ ಹಾದು ವ್ಯಾಂಡರ್‌ಪೂಲ್ ಬಳಿಯ ಸರ್ಕಾರಿ ನಿಸರ್ಗಧಾಮ ಲಾಸ್ಟ್ ಮೇಪಲ್ಸ್‌ಗೆ ಒಂದು ಬೆಳಗ್ಗೆ ಕೊಡಿ. ಟೆಕ್ಸಾಸ್‌ನಲ್ಲಿ ಕೆಂಪೆಲೆ ನೋಡಲು ಇಡೀ ರಾಜ್ಯ ಅಲ್ಲಿಗೇ ಬರುತ್ತದೆ. ಅದಕ್ಕೂ ದಿನದ ಪಾಸ್ ಪ್ರತ್ಯೇಕವಾಗಿ ಮುಂಚೆಯೇ ಕಾಯ್ದಿರಿಸಬೇಕು, ವಾರಾಂತ್ಯದ್ದು ಬೇಗ ಮುಗಿದುಹೋಗುತ್ತದೆ. ಆ ರಸ್ತೆಯಲ್ಲಿ ಪೆಟ್ರೋಲ್ ಬಂಕುಗಳು ವಿರಳ. ಲೇಕಿಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ.